ಗೀರು ಬಿದ್ದ ಡಂಬೆಲ್ಲು

ಕಡಲ ತಡಿಯ ಒಂದು ಊರಿನಲ್ಲಿ ವಾಮನ ಶೆಟ್ಟಿಗಾರ ಎಂಬ ಪಾತ್ರೆ ಅಂಗಡಿಯವನಿದ್ದ. ಊರವರ ಬಾಯಲ್ಲಿ ಅವನು ವಾಮನಣ್ಣ. ನಗುಮುಖದ ಮನುಷ್ಯ, ಯಾರಿಗೂ ಕೇಡು ಬಯಸಿದವನಲ್ಲ. ಗಿರಾಕಿ ಒಂದು ಸ್ಟೀಲ್ ಡಬ್ಬಿ ಕೊಂಡರೂ ಸಾಕು, ಕೈಗೆ ಕೊಡುವಾಗ ತಪ್ಪದೆ ಒಂದು ಬುದ್ಧಿಮಾತು ಹೇಳುತ್ತಿದ್ದ: "ತೊಳೆದು ಹಾಗೇ ಮುಚ್ಚಳ ಹಾಕ್ಬೇಡಿ ಆಯ್ತಾ. ಒಳಗೆ ಹಸಿ ನಿಂತ್ರೆ ವಾಸನೆ ಬರ್ತದೆ." ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವನು ಊರಿಗೆಲ್ಲ ಹೇಳಿ ತಾನೊಬ್ಬನೇ ಮರೆತ.

ವಾಮನಣ್ಣನಿಗೆ ಇದ್ದದ್ದು ಒಂದೇ ದೌರ್ಬಲ್ಯ. ಹೊಸ ವಸ್ತು ಹಳೆಯದಾಗುವುದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ. ಅವನ ಮನೆಯ ಟಿವಿ ರಿಮೋಟು ಪ್ಲಾಸ್ಟಿಕ್ ಕವರಿನೊಳಗೇ ಮುದಿಯಾಗಿತ್ತು. ಯಾವ ಗುಂಡಿ ಯಾವುದೆಂದು ಕಾಣದೆ ಮನೆಯವರು ಅಂದಾಜಿನ ಮೇಲೆ ಒತ್ತುತ್ತಿದ್ದರು. ಸೋಫಾ ಅಂಗಡಿಯಿಂದ ಬಂದ ಕವರಿನಲ್ಲಿಯೇ ಇತ್ತು. ಬೇಸಿಗೆಯಲ್ಲಿ ನೆಂಟರು ಅದರ ಮೇಲೆ ಕೂತರೆ ಬೆವರಿಗೆ ಅಂಟಿಕೊಂಡು, ಏಳುವಾಗ ಪರ್ರನೆ ಸದ್ದಾಗುತ್ತಿತ್ತು. ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರ ಡಬ್ಬಿಯೊಳಗೇ ಹುಟ್ಟಿ ಡಬ್ಬಿಯೊಳಗೇ ನಿಂತುಹೋಗಿತ್ತು.

"ನನ್ನನ್ನೂ ಒಂದು ಕವರಿಗೆ ಹಾಕಿ ಅಟ್ಟದ ಮೇಲೆ ಇಡ್ಬೇಕಿತ್ತು ನೀವು. ಮದುವೆ ದಿನ ಹೇಗಿದ್ದೆನೋ ಹಾಗೇ ಇರ್ತಿದ್ದೆ," ಎಂದು ಹೆಂಡತಿ ಗುಲಾಬಿ ಚುಚ್ಚುತ್ತಿದ್ದಳು.

"ಆಗ ಪತ್ರೊಡೆ ಮಾಡುವವರು ಯಾರು ಮಾರಾಯ್ತಿ?" ಎಂದು ವಾಮನಣ್ಣ ನಗುತ್ತಿದ್ದ.

ಆ ಊರಿನಲ್ಲಿ ಎರಡು ಕೇರಿ. ಮೂಡು ದಿಕ್ಕಿನದು ಮೂಡುಕೇರಿ, ಕಡಲ ಕಡೆಯದು ಪಡುಕೇರಿ. ವರ್ಷವಿಡೀ ಎರಡು ಕೇರಿಯವರೂ ಒಂದೇ ಗಿರಣಿಯಲ್ಲಿ ಹಿಟ್ಟು ಬೀಸಿಸುತ್ತಾರೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಬಡಿಸುತ್ತಾರೆ. ಕೃಷ್ಣಾಷ್ಟಮಿಯ ಮಾರನೆಯ ದಿನ ಮೊಸರು ಕುಡಿಕೆ ಬಂತೆಂದರೆ ಮಾತ್ರ ಹಾವು ಮುಂಗುಸಿ. ಅಂದು ಕೆಸರುಗದ್ದೆಯಲ್ಲಿ ಹಗ್ಗಜಗ್ಗಾಟ. ಮನೆಗೊಬ್ಬರಂತೆ ಹಗ್ಗಕ್ಕೆ ಕೈಹಾಕಬೇಕು, ಮೂರು ಸಲ ಎಳೆಯಬೇಕು, ಎರಡು ಸಲ ಗೆದ್ದವರದು ಗೆಲುವು. ಮೊಸರಿನ ಮಡಕೆ ಗೆದ್ದ ಕೇರಿಗೆ. ಮಡಕೆಗಿಂತ ದೊಡ್ಡ ಮರ್ಯಾದೆ ಹಗ್ಗದ್ದು. ಗೆದ್ದವರು ಆ ಹಗ್ಗವನ್ನು ಮೆರವಣಿಗೆಯಲ್ಲಿ ಒಯ್ದು, ಸಾಲಿನ ಕಟ್ಟಕಡೆಯಲ್ಲಿ ಹಗ್ಗದ ಬಾಲ ಹಿಡಿದವರ ಮನೆಯ ಜಗಲಿಯಲ್ಲಿ ತೂಗುಹಾಕುತ್ತಾರೆ. ಮುಂದಿನ ಅಷ್ಟಮಿಯವರೆಗೆ ಅದು ಅಲ್ಲೇ.

ಪಡುಕೇರಿಯ ಹಗ್ಗದ ಬಾಲ ವಾಮನಣ್ಣನ ಮನೆತನದ್ದು. ಅವನ ಅಪ್ಪ ಹಿಡಿದದ್ದು, ಅಪ್ಪನ ತರುವಾಯ ಅವನು ಹಿಡಿದದ್ದು. ಅವನ ಮನೆಯ ಪಡುಬದಿಯಲ್ಲಿ ಶೀಟು ಹೊದೆಸಿದ ಮಾಡಿನ ಉದ್ದನೆಯ ಜಗಲಿಯೊಂದಿದೆ. ಅದರ ತೊಲೆಯಲ್ಲಿ ಹಗ್ಗ ತೂಗುಹಾಕುವುದಕ್ಕೆಂದೇ ಅಪ್ಪ ಹೊಡೆಸಿದ ಕಬ್ಬಿಣದ ಕೊಕ್ಕೆ ಇತ್ತು.

ಆದರೆ ಹೋದ ವರ್ಷ ಎಡವಟ್ಟಾಯಿತು. ಕೊನೆಯ ಎಳೆತದಲ್ಲಿ ವಾಮನಣ್ಣನ ಉಸಿರು ಕಟ್ಟಿತು, ಕೈ ಸಡಿಲಿತು. ಬಾಲ ಸಡಿಲಿದ ಮೇಲೆ ಮುಂದಿನವರು ನಿಲ್ಲುವುದುಂಟೇ? ಇಡೀ ಪಡುಕೇರಿ ಕೆಸರಿನಲ್ಲಿ ಮೂಗು ಮುಳುಗಿಸಿತು. ಮೂಡುಕೇರಿಯ ಬಾಲ ಹಿಡಿದಿದ್ದ ಐತಪ್ಪ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಕುಣಿಯುತ್ತಾ ಹೋದ.

ಅಂದಿನಿಂದ ವಾಮನಣ್ಣ ಜಗಲಿಯಲ್ಲಿ ತಲೆ ಎತ್ತಿದರೆ ಬರಿದಾದ ಕೊಕ್ಕೆ. ಸಾಲದ್ದಕ್ಕೆ ಐತಪ್ಪ ಬೇಕೆಂದೇ ಅಂಗಡಿಗೆ ಬಂದು, ಬೇಡದ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳುವನು: "ವಾಮನಣ್ಣ, ಹಗ್ಗ ಕ್ಷೇಮ ಉಂಟು. ನೀವು ಮಂಡೆಬಿಸಿ ಮಾಡ್ಕೊಳ್ಬೇಡಿ. ನಮ್ಮ ಜಗಲಿಯಲ್ಲಿ ಒಳ್ಳೆ ಗಾಳಿ."

ಎಷ್ಟು ದಿನವೆಂದು ಸಹಿಸುವುದು? ಒಂದು ದಿನ ವಾಮನಣ್ಣ ಕೇರಿಯವರನ್ನೆಲ್ಲ ಸೇರಿಸಿ ಹೇಳಿಯೇಬಿಟ್ಟ. "ಈ ಅಷ್ಟಮಿಗೆ ಹಗ್ಗ ನಮ್ಮ ಕೊಕ್ಕೆಗೆ ಬರ್ತದೆ. ಬರದಿದ್ರೆ ನಾನು ಇನ್ನು ಬಾಲ ಹಿಡಿಯುವವ ಅಲ್ಲ. ನಮ್ಮ ಮನೆಯಿಂದ ಆ ಮರ್ಯಾದೆ ಹೋಗ್ಲಿ." ಅಪ್ಪನ ಕಾಲದಿಂದ ಬಂದದ್ದನ್ನು ಒಂದೇ ಮಾತಿನಲ್ಲಿ ಪಣಕ್ಕಿಟ್ಟಿದ್ದ.

ಮಾತು ಆಡಿದ ಮೇಲೆ ಮೈ ಗಟ್ಟಿಮಾಡಬೇಕಲ್ಲ. ವೈಶಾಖದ ಒಂದು ಮಧ್ಯಾಹ್ನ ಪೇಟೆಯಿಂದ ಟೆಂಪೊ ಬಂತು. ಅದರಲ್ಲಿ ಮಲಗಿ ಭಾರ ಎತ್ತುವ ಬೆಂಚು, ಉದ್ದನೆಯ ರಾಡು, ಅದಕ್ಕೆ ಸಿಕ್ಕಿಸುವ ಕಬ್ಬಿಣದ ಪ್ಲೇಟುಗಳು, ಜೋಡಿ ಜೋಡಿ ಡಂಬೆಲ್ಲು, ತುಳಿದಷ್ಟೂ ನಿಂತಲ್ಲೇ ನಿಲ್ಲುವ ಸೈಕಲ್ಲು. ಪಡುಕೇರಿಯ ಮಕ್ಕಳು ಮರಿಗಳೆಲ್ಲ ನೆರೆದವು. ಪಕ್ಕದ ಮನೆಯ ಬೇಬಿಯಕ್ಕ ಸೈಕಲ್ಲನ್ನು ನೋಡಿ, "ಇದರಲ್ಲಿ ತುಳಿದು ಎಲ್ಲಿಗೂ ಮುಟ್ಲಿಕ್ಕಿಲ್ವಾ? ಹಾಗಾದ್ರೆ ನಮ್ಮೆಜಮಾನರಿಗೆ ಸರಿಯಾದದ್ದು," ಎಂದಳು.

ವಾಮನಣ್ಣ ಜಗಲಿಯನ್ನು ಸಿದ್ಧಮಾಡಿದ ಚಂದ ನೋಡಬೇಕಿತ್ತು. ಶೀಟಿನ ತೂತುಗಳಿಗೆಲ್ಲ ಡಾಂಬರು ಹಚ್ಚಿಸಿದ. ನೀರು ನಿಲ್ಲದಂತೆ ನೆಲಕ್ಕೆ ಅಂಗಳದ ಕಡೆ ಇಳಿಜಾರು ಕೊಟ್ಟ. ಅದರ ಮೇಲೆ ದಪ್ಪ ರಬ್ಬರಿನ ಚಾಪೆ ಹಾಸಿದ. ನೆಲದ ತಂಡಿ ತಾಗದಿರಲೆಂದು ಬೆಂಚಿನ ಕಾಲುಗಳನ್ನು ಕೆಂಪುಕಲ್ಲಿನ ಮೇಲೆ ಕೂರಿಸಿದ. ಕಡಲ ಗಾಳಿ ಎರಚಲು ಹೊತ್ತು ತರುವ ಪಡುಬದಿಗೆ ಟಾರ್ಪಾಲಿನ ಪರದೆ ಕಟ್ಟಿದ. ಎಲ್ಲ ಮುಗಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ. ಬರಿದಾದ ಕೊಕ್ಕೆಯ ಕೆಳಗೆ ಕರಿ ಕಬ್ಬಿಣ ಸಾಲಾಗಿ ಮಿರಮಿರ ಮಿಂಚುತ್ತಿತ್ತು. ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಇಲ್ಲಿಯವರೆಗೆ ಎಲ್ಲ ಸರಿಯೇ. ಇಲ್ಲಿಗೇ ನಿಲ್ಲಿಸಿ ಅಂದೇ ಬನಿಯನ್ನು ಕಳಚಿ ಭಾರ ಎತ್ತಿದ್ದರೆ ನನಗೆ ಹೇಳಲು ಕಥೆಯೇ ಇರುತ್ತಿರಲಿಲ್ಲ.

ಸಂಜೆ ಪಡುಕೇರಿಯ ತಂಡದವರೆಲ್ಲ ಲುಂಗಿ ಎತ್ತಿಕಟ್ಟಿ ಬಂದರು. ಮೊದಲು ಬಂದ ಬೇಬಿಯಕ್ಕನ ಗಂಡ ಕಾಂತಪ್ಪ ಎರಡು ಕೈಗೂ ಉಗುಳು ಹಚ್ಚಿ ಉಜ್ಜಿಕೊಂಡು ರಾಡಿನ ಬಳಿಗೆ ಹೋದ. ವಾಮನಣ್ಣನ ಜೀವ ಬಾಯಿಗೆ ಬಂತು.

"ಓಯ್ ಕಾಂತಪ್ಪ, ನಿಲ್ಲು ಮಾರಾಯ! ಬೆವರು ತಾಗಿದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿತದೆ. ಬೆವರಲ್ಲಿ ಉಪ್ಪುಂಟು."

"ಬೆವರದೆ ಹೇಗೆ ಎತ್ತುದು ವಾಮನಣ್ಣ?"

ವಾಮನಣ್ಣ ರಾಡಿಗೂ ಅವನಿಗೂ ನಡುವೆ ಬಂದು ನಿಂತ. "ಇನ್ನೇನು ಮಳೆ ಶುರುವಾಗ್ತದೆ. ಈಗ ಬಿಚ್ಚಿ ಹರಡಿದ್ರೆ ಎಲ್ಲ ಹಾಳು. ಮಳೆ ಒಂದು ಬಿಡ್ಲಿ, ಆಮೇಲೆ ಎಲ್ರೂ ಸೇರಿ ಜೋರು ಮಾಡುವ," ಎಂದು ಸಮಾಧಾನ ಹೇಳಿ ಕಳಿಸಿದ. ತಂಡದವರಿಗೂ ಒಳಗೊಳಗೆ ಅದೇ ಬೇಕಿತ್ತು. ಕುಣಿಯಲಾರದವರಿಗೆ ನೆಲ ಡೊಂಕು. "ಜಿಮ್ಮು ಉಂಟಲ್ಲ, ಎಂತ ಗಡಿಬಿಡಿ," ಎನ್ನುತ್ತಾ ಮನೆಗೆ ಹೋಗಿ ಮಲಗಿದರು.

ಮೊದಲ ಮಳೆಯ ಮೋಡ ಕಡಲ ಮೇಲೆ ಎದ್ದ ದಿನ ವಾಮನಣ್ಣ ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿಬಂದ. ಗಾಳಿಯಲ್ಲಿ ಆಗಲೇ ಹಸಿ ಸೇರಿತ್ತು, ಒಣಗಲು ಹಾಕಿದ ಪಂಚೆ ಒಣಗುತ್ತಿರಲಿಲ್ಲ. ಅವನು ಹಳೆಯ ಹೊದಿಕೆಗಳನ್ನೆಲ್ಲ ತಂದು ಒಂದೊಂದಕ್ಕೂ ಸುತ್ತಿದ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ. ಅದರ ಮೇಲೆ ಅಂಟುಪಟ್ಟಿ ಎಳೆದ. ಇರುವೆಗೂ ದಾರಿಯಿಲ್ಲದಂತೆ ಬಿಗಿದ. ಬೆಂಚು, ರಾಡು, ಸೈಕಲ್ಲು ಎಲ್ಲವೂ ತೊಟ್ಟಿಲಲ್ಲಿ ಸುತ್ತಿ ಮಲಗಿಸಿದ ಕೂಸುಗಳಂತೆ ಕಂಡವು.

ಕೊನೆಗೆ ಉಳಿದದ್ದು ಒಂದು ಜೋಡಿ ಡಂಬೆಲ್ಲು. ಟೆಂಪೊದಿಂದ ಇಳಿಸುವಾಗ ಜಾರಿಬಿದ್ದು ಅದಕ್ಕೆ ಗೀರು ಬಿದ್ದಿತ್ತು. ಗುಲಾಬಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಅದೊಂದು ನನಗೆ ಕೊಡಿ."

"ನಿನಗೆಂತಕ್ಕೆ?"

"ಬಾವಿಯಿಂದ ಕೊಡಪಾನ ಎತ್ತಿದ್ರೆ ಭುಜ ನೋಯ್ತದೆ. ಎತ್ತಿ ಎತ್ತಿ ಗಟ್ಟಿಮಾಡ್ತೇನೆ."

ವಾಮನಣ್ಣ ಡಂಬೆಲ್ಲನ್ನು ತಿರುಗಿಸಿ ಗೀರನ್ನು ನೋಡಿದ. ಗೀರು ಬಿದ್ದದ್ದು ಹೇಗೂ ಹೊಸದಲ್ಲ. ಹೊಸದಲ್ಲದ ಮೇಲೆ ಅದು ಕೆಟ್ಟರೇನು, ಬಿಟ್ಟರೇನು? "ತಗೋ," ಎಂದು ಧಾರಾಳವಾಗಿ ಕೊಟ್ಟ. ದಾನಶೂರ ಕರ್ಣನ ಗತ್ತು ಬೇರೆ.

ಆಮೇಲೆ ಮಳೆ ಬಂತು. ಬಂತೆಂದರೆ ಬಂತು. ಜ್ಯೇಷ್ಠ ಕಳೆಯಿತು, ಆಟಿ ಎಂದು ಕರೆಯುವ ಆಷಾಢದ ಮಳೆ ಸುರಿಯಿತು, ಶೀಟಿನ ಮಾಡು ಚೆಂಡೆಯಂತೆ ಬಡಿದುಕೊಂಡಿತು. ವಾಮನಣ್ಣ ದಿನಾ ಬೆಳಿಗ್ಗೆ ಜಗಲಿಗೆ ಬಂದು ತನ್ನ ಕಟ್ಟುಗಳನ್ನು ಮುಟ್ಟಿ ನೋಡುವನು. ಹೊರಗೆ ಒಂದು ಹನಿಯೂ ಇಲ್ಲ. ತೃಪ್ತಿಯಿಂದ ತಲೆದೂಗಿ, ಅಲ್ಲೇ ಕುರ್ಚಿ ಹಾಕಿಕೊಂಡು, ಕೆಸುವಿನೆಲೆಯ ಬಿಸಿ ಪತ್ರೊಡೆಗೆ ತೆಂಗಿನೆಣ್ಣೆ ಹಾಕಿಸಿಕೊಂಡು ತಿನ್ನುವನು. ಪತ್ರೊಡೆ ಮುಗಿದರೆ ಹಲಸಿನ ಹಣ್ಣಿನ ಕಡುಬು. ಮಳೆ ಬಿಡಲಿ ಎಂದು ಕಾಯುತ್ತಾ ಅವನ ಹೊಟ್ಟೆ ಬನಿಯನ್ನಿನಿಂದ ಹೊರಗೆ ಇಣುಕತೊಡಗಿತು.

ಅತ್ತ ಮನೆಯ ಹಿಂದಿನ ಜಗಲಿಯಲ್ಲಿ ಬೇರೆಯೇ ಲೋಕ. ಅಲ್ಲಿ ತೆಂಗಿನಕಾಯಿ ರಾಶಿ, ಕಟ್ಟಿಗೆ ರಾಶಿ, ಬೂದಿ ಬುಟ್ಟಿ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಗುಲಾಬಿ ಡಂಬೆಲ್ಲು ಹಿಡಿಯುವಳು. ಅವಳನ್ನು ನೋಡಿ ಬೇಬಿಯಕ್ಕ ಬಂದಳು. ಬೇಬಿಯಕ್ಕನನ್ನು ಹುಡುಕಿಕೊಂಡು ಚರ್ಚಿನ ಹತ್ತಿರದ ಮನೆಯ ಜುಲಿಯಾನಾ ಬಾಯಿ ಬಂದರು, ಅವರ ಹಿಂದೆ ಕೇರಿಯ ಇನ್ನಷ್ಟು ಹೆಂಗಸರು. ಇದ್ದ ಒಂದು ಜೋಡಿಯನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಎತ್ತುವರು. ಉಳಿದವರು ಸುಮ್ಮನೆ ಕೂರುವುದೇಕೆ? ತೆಂಗಿನಕಾಯಿ ತುಂಬಿದ ಗೋಣಿಗೆ ಹಗ್ಗ ಕಟ್ಟಿ ಅಂಗಳದ ಕೆಸರಿನಲ್ಲಿ ಆ ತುದಿಯಿಂದ ಈ ತುದಿಗೆ ಎಳೆಯುವರು. ಜುಲಿಯಾನಾ ಬಾಯಿಯವರ ಅಪ್ಪ ದೋಣಿ ಎಳೆಯುವವರಾಗಿದ್ದರು. ಅವರು "ಐಲೇಸಾ" ಎಂದು ಕೂಗಿದರೆ ಎಲ್ಲರ ಕಾಲೂ ಒಮ್ಮೆಗೇ ಊರಬೇಕು, ಎಲ್ಲರ ಕೈಯೂ ಒಮ್ಮೆಗೇ ಸೆಳೆಯಬೇಕು. ತಪ್ಪಿದವರು ಕೆಸರಿಗೆ ಬೀಳುವರು, ಉಳಿದವರು ಬಿದ್ದು ಬಿದ್ದು ನಗುವರು. ಎಲ್ಲ ಮುಗಿದ ಮೇಲೆ ಗುಲಾಬಿ ತಲೆಗೆ ಎಣ್ಣೆ ಹಚ್ಚಿ ಕೈ ಒರೆಸಿಕೊಂಡ ಬಟ್ಟೆಯಿಂದಲೇ ಡಂಬೆಲ್ಲನ್ನೂ ಒಮ್ಮೆ ಒರೆಸಿ, ಒಲೆಯ ಬಿಸಿ ತಾಗುವ ಗೂಡಿನಲ್ಲಿ ಇಡುವಳು. ತುಕ್ಕಿನ ಶಾಸ್ತ್ರ ಅವಳಿಗೇನೂ ಗೊತ್ತಿರಲಿಲ್ಲ. ಕೆಸರು ಹೋಗಲೆಂದು ಒರೆಸುತ್ತಿದ್ದಳು, ಅಷ್ಟೆ.

ಆ ನಗೆಯ ಸದ್ದು ಮುಂದಿನ ಜಗಲಿಗೂ ಕೇಳುತ್ತಿತ್ತು. "ಎಂತ ಗೌಜಿಯಾ ಇವರದ್ದು," ಎಂದು ವಾಮನಣ್ಣ ಇನ್ನೊಂದು ಕಡುಬಿಗೆ ಕೈಹಾಕುತ್ತಿದ್ದ.

ಅಷ್ಟಮಿಗೆ ಇನ್ನು ಕೆಲವೇ ದಿನ ಇರುವಾಗ ಮಳೆ ಹೊಳವಾಯಿತು. ಮೋಡ ಸರಿದು ಎಳೆಬಿಸಿಲು ಬಿತ್ತು. ವಾಮನಣ್ಣ ಹೊಸ ಟೀ ಶರ್ಟು ಹಾಕಿಕೊಂಡ. ಅದರ ಕವರು ಅಂದೇ ಒಡೆದದ್ದು. ಕೇರಿಯವರನ್ನೆಲ್ಲ ಕರೆಸಿದ. ಜಗಲಿ ತುಂಬ ಜನ. ಮದುಮಗಳ ಮುಸುಕು ಸರಿಸುವವನ ಹಾಗೆ ವಾಮನಣ್ಣ ನಾಜೂಕಾಗಿ ಅಂಟುಪಟ್ಟಿ ಕಿತ್ತು, ಪ್ಲಾಸ್ಟಿಕ್ಕು ಬಿಡಿಸಿ, ಹೊದಿಕೆ ಸರಿಸಿದ.

ಮೊದಲು ಬಂದದ್ದು ವಾಸನೆ. ಮುಂದೆ ನಿಂತವರು ಮೂಗು ಹಿಡಿದು ಹಿಂದೆ ಸರಿದರು.

ರಾಡು ಕರ್ರಗಿರಲಿಲ್ಲ, ಇಟ್ಟಿಗೆ ಪುಡಿ ಸುರಿದಂತೆ ಕೆಂಪಾಗಿತ್ತು. ಪ್ಲೇಟುಗಳು ರಾಡಿಗೆ ಕಚ್ಚಿಕೊಂಡು ಅಲುಗಲೊಲ್ಲವು. ಬೆಂಚಿನ ಮೆತ್ತೆಯ ಮೇಲೆ ಹಸಿರು ಬೂಷ್ಟು ಹುಲ್ಲುಗಾವಲಾಗಿತ್ತು. ಕಾಂತಪ್ಪ ಸೈಕಲ್ಲನ್ನು ಹತ್ತಿ ತುಳಿದ. ಪೆಡಲು ಕರ್ ಎಂದು ಒಮ್ಮೆ ನರಳಿ ನಿಂತುಬಿಟ್ಟಿತು. ವಾಮನಣ್ಣ ಒಂದರ ನಂತರ ಒಂದು ಕಟ್ಟು ಬಿಚ್ಚಿದ. ಎಷ್ಟು ಬಿಗಿಯಾಗಿ ಕಟ್ಟಿದ್ದನೋ ಅಷ್ಟು ಜೋರಾಗಿ ತುಕ್ಕು ಹಿಡಿದಿತ್ತು.

"ಒಂದು ಹನಿ ನೀರು ಒಳಗೆ ಹೋಗ್ಲಿಲ್ಲ," ಎಂದ ವಾಮನಣ್ಣ. "ನಾನೇ ದಿನಾ ಮುಟ್ಟಿ ನೋಡಿದ್ದೇನೆ. ಒಂದು ಹನಿ ಇಲ್ಲ."

ಗುಲಾಬಿ ಹತ್ತಿರ ಬಂದು ಹೊದಿಕೆಯನ್ನು ಹಿಂಡಿದಳು. ಒದ್ದೆಯಾಗಿತ್ತು. ಅವಳು ಬೈಯಲಿಲ್ಲ. ಮೆಲ್ಲನೆ ಕೇಳಿದಳು: "ಅಂಗಡಿಗೆ ಬಂದವರಿಗೆಲ್ಲ ನೀವು ಎಂತ ಹೇಳುದು? ಡಬ್ಬಿಯ ಮುಚ್ಚಳದ್ದು?"

ವಾಮನಣ್ಣನಿಗೆ ಥಟ್ಟನೆ ಹೊಳೆಯಿತು. ಹಸಿಗಾಳಿಯಲ್ಲಿ ಸುತ್ತಿದ್ದ, ಹಸಿಯನ್ನೇ ಒಳಗಿಟ್ಟು ಮುಚ್ಚಳ ಹಾಕಿದ್ದ. ಮಳೆಯನ್ನು ಹೊರಗಿಡುವ ಭರದಲ್ಲಿ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವ ತಲೆಯ ಮೇಲೆ ಕೈಹೊತ್ತು ಬೆಂಚಿನ ತುದಿಯಲ್ಲಿ ಕುಳಿತ. ಮಾಡಿದ್ದುಣ್ಣೋ ಮಹಾರಾಯ.

ಅಷ್ಟರಲ್ಲಿ ಬೇಬಿಯಕ್ಕ ಹಿಂದಿನ ಜಗಲಿಯಿಂದ ಗೀರು ಬಿದ್ದ ಡಂಬೆಲ್ಲುಗಳನ್ನು ತಂದು ಅವನ ಮುಂದಿಟ್ಟಳು. ತಿಂಗಳುಗಟ್ಟಲೆ ಕೆಸರು ಬೆವರು ಎರಡನ್ನೂ ಕಂಡ ಕಬ್ಬಿಣ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತಿತ್ತು.

ವಾಮನಣ್ಣ ಆ ಡಂಬೆಲ್ಲನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ, ತಲೆ ಎತ್ತಿ ಕೊಕ್ಕೆಯನ್ನು ನೋಡಿದ. ಈಗ ಏನು ಮಾಡಿದರೂ ತಡವಾಗಿತ್ತು.

ಮೊಸರು ಕುಡಿಕೆಯ ದಿನ ಬಂತು. ಗದ್ದೆಯ ಬದುವಿನ ಮೇಲೆ ಕಾಲಿಡಲು ಜಾಗವಿಲ್ಲ. ಐತಪ್ಪ ಹಗ್ಗವನ್ನು ತಂದು ಕೆಸರಿಗೆ ಹಾಕಿ, "ವಾಮನಣ್ಣ, ಇದಕ್ಕೆ ಒಂದು ಕವರು ಹಾಕಿ ತರ್ಬೇಕಿತ್ತಾ?" ಎಂದ. ಮೂಡುಕೇರಿಯವರು ಹೋ ಎಂದು ನಕ್ಕರು. ಜಿಮ್ಮಿನ ಸುದ್ದಿ ಆಗಲೇ ಊರು ಸುತ್ತಿತ್ತು.

ತೀರ್ಪುಗಾರರಾಗಿ ನಿಂತವರು ಊರಿನ ಹಿರಿಯರಾದ ಬಾಬು ಪೂಜಾರಿಯವರು. ಅವರು ಪಂಚೆಯ ಚುಂಗು ಬೀಸಿದರು. ಮೊದಲ ಎಳೆತ ಶುರುವಾಯಿತು, ಶುರುವಾದಷ್ಟೇ ಬೇಗ ಮುಗಿಯಿತು. ಪಡುಕೇರಿಯವರಲ್ಲಿ ಒಬ್ಬ ಎಳೆದಾಗ ಇನ್ನೊಬ್ಬ ಉಸಿರು ಬಿಡುತ್ತಿದ್ದ. ಬಾಲದಲ್ಲಿದ್ದ ವಾಮನಣ್ಣ ಹಿಮ್ಮಡಿ ಊರಲು ನೋಡಿದ. ಹೊಟ್ಟೆ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ಧೊಪ್ಪನೆ ಬಿದ್ದ.

ಇನ್ನೊಂದು ಸೋಲು ಸಾಕು, ಎಲ್ಲ ಮುಗಿಯುತ್ತದೆ. ವಾಮನಣ್ಣ ಕೆಸರಿನಿಂದ ಏಳದೆ ಹಾಗೇ ಕುಳಿತ. ಅಪ್ಪನ ನೆನಪಾಯಿತು. ಅಳು ಬಂತು, ಆದರೆ ಮುಖದ ತುಂಬ ಕೆಸರು ಮೆತ್ತಿದ್ದರಿಂದ ಯಾರಿಗೂ ಕಾಣಲಿಲ್ಲ.

ಗುಲಾಬಿಗೆ ಕಂಡಿತು. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬದುವಿನಿಂದ ಗದ್ದೆಗಿಳಿದಳು. "ಏಳಿ. ಬಾಲ ನನಗೆ ಕೊಡಿ."

"ಹೋಯ್, ಹೆಂಗಸರು ಹಗ್ಗ ಹಿಡಿಯುದುಂಟಾ?" ಎಂದು ಐತಪ್ಪ ಕೂಗಿದ.

ಬಾಬು ಪೂಜಾರಿಯವರು ಗಡ್ಡ ಕೆರೆದುಕೊಂಡರು. "ಮನೆಗೊಬ್ಬರು ಅಂತ ನಮ್ಮ ಹಿರಿಯರು ಹೇಳಿದ್ದು. ಗಂಡಸೇ ಆಗ್ಬೇಕು ಅಂತ ಯಾರೂ ಹೇಳಿದ್ದು ನಾನು ಕೇಳ್ಲಿಲ್ಲ. ಐತಪ್ಪ, ನೀನು ಕೇಳಿದ್ದೀಯಾ?"

ಐತಪ್ಪ ಕೇಳಿರಲಿಲ್ಲ. ಅವನಿಗೆ ನಗುವೂ ಬಂತು. "ಬರ್ಲಿ, ಬರ್ಲಿ. ನಮಗೆ ಹಗುರ ಆಯ್ತು!"

ಗುಲಾಬಿ ಇಳಿದದ್ದೇ ತಡ, ಬೇಬಿಯಕ್ಕ ಗಂಡನ ಹೆಗಲು ತಟ್ಟಿ ಬದುವಿಗೆ ಕಳಿಸಿದಳು. ಕಾಂತಪ್ಪನ ಮುಖದಲ್ಲಿ ಬಿಡುಗಡೆಯಾದ ಕಳೆ. ಜುಲಿಯಾನಾ ಬಾಯಿಯವರು ಮಗನನ್ನು ಸರಿಸಿ ಮುಂದೆ ಬಂದರು. ಹಿಂದಿನ ಜಗಲಿಯ ಪರಿವಾರ ಪೂರ್ತಿ ಹಗ್ಗಕ್ಕೆ ಕೈಹಾಕಿತು. ಅವರವರ ಮನೆಯ ಗಂಡಸರು ಬದುವಿನ ಮೇಲೆ ಸಾಲಾಗಿ ನಿಂತರು.

ವಾಮನಣ್ಣನಿಗೆ ಒಂದು ಗಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಪ್ಪನ ಕಾಲದ ಬಾಲ, ಹೆಂಡತಿಯ ಕೈಯಲ್ಲಿ. ಊರೆಲ್ಲ ನೋಡುತ್ತಿದೆ. ಅಷ್ಟರಲ್ಲಿ ಗುಲಾಬಿ ಹಗ್ಗವನ್ನು ಎತ್ತಿ ಕಂಕುಳಲ್ಲಿ ಇರುಕಿ, ಹಿಂದಕ್ಕೆ ವಾಲಿ, ಹಿಮ್ಮಡಿಯನ್ನು ಕೆಸರಿನೊಳಗೆ ಊರಿದಳು. ಆ ಭುಜವನ್ನು ವಾಮನಣ್ಣ ಅಂದೇ ಮೊದಲು ಕಂಡವನಂತೆ ನೋಡಿದ. ಅಪ್ಪನೂ ಹೀಗೇ ನಿಲ್ಲುತ್ತಿದ್ದ. ಅವನ ನಾಚಿಕೆ ಎಲ್ಲಿ ಹೋಯಿತೋ, "ಗುಲಾಬೀ, ಬಿಡ್ಬೇಡ!" ಎಂದು ಗಂಟಲು ಹರಿಯುವಂತೆ ಕೂಗಿದ.

ಚುಂಗು ಬೀಸಿತು. "ಐಲೇಸಾ!" ಎಂದರು ಜುಲಿಯಾನಾ ಬಾಯಿ.

ಎಲ್ಲರ ಕಾಲೂ ಒಮ್ಮೆಗೇ ಊರಿತು, ಎಲ್ಲರ ಕೈಯೂ ಒಮ್ಮೆಗೇ ಸೆಳೆಯಿತು. ಮೂಡುಕೇರಿಯವರು ಇನ್ನೂ ನಗುತ್ತಿದ್ದರು. ನಗು ಮುಗಿಯುವಷ್ಟರಲ್ಲಿ ಅರ್ಧ ಗದ್ದೆ ದಾಟಿದ್ದರು. ಎರಡನೆಯ ಎಳೆತ ಪಡುಕೇರಿಗೆ.

ಮೂರನೆಯದಕ್ಕೆ ಮೂಡುಕೇರಿ ನಗಲಿಲ್ಲ. ಹಲ್ಲು ಕಚ್ಚಿ ಹಿಡಿದರು. ಹಗ್ಗ ತಂತಿಯಂತೆ ಬಿಗಿದು ನಿಂತಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಐತಪ್ಪನ ಕತ್ತಿನ ನರ ಉಬ್ಬಿತು. ಪಡುಕೇರಿಯ ಗಂಡಸರೂ ಹೆಂಗಸರೂ ಜುಲಿಯಾನಾ ಬಾಯಿಯ ಕೂಗಿಗೆ ಕಿವಿಗೊಟ್ಟು ಒಂದೇ ಮೈಯಾಗಿದ್ದರು. ಇನ್ನೇನು ಕೈ ಸೋಲಬೇಕು, ಆಗ ವಾಮನಣ್ಣನೇ ಬದುವಿನ ಮೇಲಿಂದ "ಐಲೇಸಾ" ಎಂದ. ಕಾಂತಪ್ಪ ಎಂದ. ಬದುವಿನ ಮೇಲಿದ್ದ ಪಡುಕೇರಿಯೆಲ್ಲ ಒಂದೇ ದನಿಯಲ್ಲಿ "ಐಲೇಸಾ" ಎಂದಿತು. ಗುಲಾಬಿ ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಮತ್ತೊಂದು. ಐತಪ್ಪನ ಕಾಲು ಜಾರಿತು, ಅವನೊಂದಿಗೆ ಮೂಡುಕೇರಿ ಪೂರ್ತಿ ಮಂಡಿಯೂರಿತು.

ಆ ಕೇಕೆ ಕಡಲಿಗೂ ಕೇಳಿರಬೇಕು. ಮೊಸರಿನ ಮಡಕೆ ಒಡೆಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅಂದು ಪಡುಕೇರಿಯ ಹೆಂಗಸರ ಪಾಲಿಗೆ ಅಕ್ಷರಶಃ ನಿಜವಾಯಿತು. ಐತಪ್ಪ ಎದ್ದು ಬಂದು, ತಾನೇ ಹಗ್ಗ ಎತ್ತಿ ಗುಲಾಬಿಯ ಹೆಗಲಿಗೆ ಹಾಕಿದ. "ಗುಲಾಬಿಯಕ್ಕ, ಇನ್ನು ಲೋಟ ಬೇಕಾದ್ರೆ ನಾನು ಬೇರೆ ಅಂಗಡಿಗೆ ಹೋಗ್ತೇನೆ," ಎಂದು ಕೈಮುಗಿದ.

ಮೆರವಣಿಗೆ ಪಡುಕೇರಿಯ ಜಗಲಿಗೆ ಬಂತು. ಒದ್ದೆ ಹಗ್ಗವನ್ನು ಗುಲಾಬಿ ಕೊಕ್ಕೆಗೆ ತೂಗುಹಾಕಿದಳು. ಕೆಸರು ನೀರು ತೊಟ್ಟಿಕ್ಕುತ್ತಿತ್ತು. ವಾಮನಣ್ಣ ಕಣ್ತುಂಬ ನೋಡಿ, ಸರಸರನೆ ಒಳಗೆ ಹೋದ. ತಿರುಗಿ ಬರುವಾಗ ಅವನ ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಹಾಳೆ.

ಎಲ್ಲರೂ ಅವನನ್ನೇ ನೋಡಿದರು.

"ಎಂತ ಅದು?" ಎಂದಳು ಗುಲಾಬಿ, ಕಣ್ಣು ಸಣ್ಣ ಮಾಡಿ.

ವಾಮನಣ್ಣ ಹಗ್ಗವನ್ನು ನೋಡಿದ, ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಒಮ್ಮೆಗೇ ಜೋರಾಗಿ ನಕ್ಕು, ಹಾಳೆಯನ್ನು ಕೊಡವಿ ಜಗಲಿಯ ನೆಲದ ಮೇಲೆ ಉದ್ದಕ್ಕೆ ಹಾಸಿದ. "ಕೂತ್ಕೊಳ್ಳಿ ಎಲ್ರೂ. ಕೆಸರಿನ ಬಟ್ಟೆಯಲ್ಲೇ ಕೂತ್ಕೊಳ್ಳಿ. ಅವಲಕ್ಕಿ ಮೊಸರು ನಾನು ಬಡಿಸ್ತೇನೆ." ಮೂಡುಕೇರಿಯವರನ್ನೂ ಕೂಗಿ ಕರೆದ. ಐತಪ್ಪ ಎರಡು ಸಲ ಹಾಕಿಸಿಕೊಂಡ.

ಮಾರನೆಯ ದಿನದಿಂದ ಕೇರಿಯವರೆಲ್ಲ ಸೇರಿ ರಾಡು ಪ್ಲೇಟುಗಳ ತುಕ್ಕನ್ನು ಸೀಮೆಎಣ್ಣೆ ಹಾಕಿ, ಮರಳುಕಾಗದದಿಂದ ಉಜ್ಜಿ ಉಜ್ಜಿ ತೆಗೆದರು. ಬೆಂಚಿಗೆ ಹೊಸ ಮೆತ್ತೆ ಬಂತು. ಎರಚಲು ಬರುವಾಗ ಇಳಿಸಿ, ಬಿಸಿಲು ಬಂದಾಗ ಸುತ್ತಿ ಮೇಲೆ ಕಟ್ಟುವಂತೆ ಟಾರ್ಪಾಲಿಗೆ ಹಗ್ಗ ಬಿತ್ತು. ಮೇಲೆ ಹೊದೆಸಲು ಗಾಳಿಯಾಡುವ ತೆಳು ಬಟ್ಟೆ, ಒರೆಸಲು ಒಂದು ಎಣ್ಣೆ ಚಿಂದಿ. ಎತ್ತಿದವರೇ ಒರೆಸಿ ಇಡಬೇಕು ಎಂಬುದು ನಿಯಮ. ದಿನಾ ಸಂಜೆ ಜಗಲಿ ತುಂಬತೊಡಗಿತು. ಈಗ ಅಲ್ಲಿ ಗೀರಿಲ್ಲದ ಒಂದು ವಸ್ತುವೂ ಇಲ್ಲ, ತುಕ್ಕು ಹಿಡಿದದ್ದೂ ಒಂದಿಲ್ಲ. ಮುಂದಿನ ಅಷ್ಟಮಿಗೆ ಬಾಲ ಹಿಡಿಯುವವರು ಯಾರೆಂದು ಗಂಡಹೆಂಡಿರಲ್ಲಿ ದಿನಾ ಪಂದ್ಯ. ಸದ್ಯಕ್ಕೆ ಗುಲಾಬಿಯೇ ಮುಂದೆ.

ಸೋಫಾದ ಕವರು ಹೋಯಿತು. ಕೈಗಡಿಯಾರಕ್ಕೆ ಸೆಲ್ಲು ಬಿತ್ತು, ಅದು ಈಗ ವಾಮನಣ್ಣನ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತದೆ. ರಿಮೋಟಿನ ಕವರನ್ನು ಹರಿದ ದಿನ ಅದರಲ್ಲಿ ಒಂದು ಕೆಂಪು ಗುಂಡಿಯೂ ಇತ್ತೆಂದು ಮನೆಯವರಿಗೆ ಮೊದಲ ಸಲ ಗೊತ್ತಾಯಿತು.

ಅಂಗಡಿಯಲ್ಲಿ ಡಬ್ಬಿ ಕೊಂಡವರಿಗೆ ವಾಮನಣ್ಣ ಈಗಲೂ ಬುದ್ಧಿಮಾತು ಹೇಳುತ್ತಾನೆ. ಕೊನೆಗೆ ಒಂದು ಮಾತು ಹೆಚ್ಚು ಸೇರಿಸುತ್ತಾನೆ: "ಒಣಗಿಸಿ ಮುಚ್ಚಿ. ಮುಚ್ಚಿಟ್ಟು ಮರಿಬೇಡಿ, ದಿನಾ ಬಳಸಿ."

ನೀತಿ: ಬಳಸಿದ ವಸ್ತುವಿಗೆ ಗೀರು ಬೀಳಬಹುದು, ಆದರೆ ಕೆಟ್ಟೀತೆಂದು ಹೆದರಿ ಕಟ್ಟಿಟ್ಟದ್ದು ಕಟ್ಟಿನೊಳಗೇ ಕೆಡುತ್ತದೆ. ಕಬ್ಬಿಣಕ್ಕೂ ಮೈಗೂ ಇದು ಒಂದೇ ಮಾತು. ನಾಲ್ಕು ಜನರ ಕೈ ತಾಗಿದ್ದು ಹೊಳೆಯುತ್ತದೆ, ನಮಗೊಬ್ಬರಿಗೇ ಇರಲೆಂದು ಸುತ್ತಿಟ್ಟದ್ದು ತುಕ್ಕು ಹಿಡಿಯುತ್ತದೆ.